ಗೋಡೆಯ ಅಂದ ಮತ್ತು ಮನೆಯ ಕ್ಷೇಮ

ಗೋಡೆಗೂ ಕಿವಿಯುಂಟು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆಡುವ ಮಾತಿನಲ್ಲಿ ಎಚ್ಚರವಿರಲಿ ಎಂಬುದು ಅದರ ತಾತ್ಪರ್ಯ. ಇಂದಿನ ಮನೆಗಳನ್ನೂ ಅಂಗಡಿಗಳನ್ನೂ ನೋಡಿದರೆ, ಗೋಡೆಗೆ ನಾಲಗೆಯೂ ಉಂಟು ಎಂದು ಹೇಳಬೇಕಾಗಿದೆ. ಅದು ಬೆಂಕಿಯ ನಾಲಗೆ. ನಾವೇ ಹಣ ಕೊಟ್ಟು ತಂದು, ನಾವೇ ಅಂಟು ಬಳಿದು, ನಾವೇ ಗೋಡೆಗೆ ಹಚ್ಚಿದ ನಾಲಗೆ. ಗೋಡೆಗೆ ಅಂಟಿಸುವ ಕಾಗದ, ಹಾಳೆ, ಫಲಕಗಳನ್ನು ಆರಿಸುವಾಗ ಬಣ್ಣ ಮತ್ತು ಬೆಲೆಗಳನ್ನು ಮಾತ್ರ ನೋಡುವುದು ಸಾಲದು, ಬೆಂಕಿಯ ಎದುರು ಅದು ಹೇಗೆ ವರ್ತಿಸುವುದೆಂಬುದನ್ನೂ ಕೇಳಿ ತಿಳಿಯಬೇಕು ಎಂಬುದು ಈ ಲೇಖನದ ಉದ್ದೇಶ. ವಿದ್ಯಾರ್ಥಿ ಮಿತ್ರರು ಓದಿ ಮನೆಯಲ್ಲಿ ಹೇಳಬೇಕು; ಪಾಲಕ ಬಂಧುಗಳು ಕೇಳಿ ವಿಚಾರ ಮಾಡಬೇಕು.

ನಮ್ಮ ಸೋಲಾಪುರ, ಅಕ್ಕಲಕೋಟೆ ಸೀಮೆಯ ಹಳೆಯ ಮನೆಗಳನ್ನು ನೆನೆಯಿರಿ. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಗೋಡೆಗೆ ಸುಣ್ಣ, ಕೆಳಗೆ ಕೆಮ್ಮಣ್ಣಿನ ಪಟ್ಟಿ. ದೀಪ ಇಡಲು ಗೋಡೆಯಲ್ಲಿಯೇ ಒಂದು ಗೂಡು. ದೀಪದ ಕುಡಿ ತಗುಲಿ ಗೂಡು ಕಪ್ಪಾಗುತ್ತಿತ್ತು. ಹಬ್ಬ ಬಂದಾಗ ಮತ್ತೆ ಸುಣ್ಣ ಬಳಿದರೆ ಬೆಳ್ಳಗಾಗುತ್ತಿತ್ತು. ತೊಲೆ ಜಂತಿಗಳು ಕಟ್ಟಿಗೆಯವಾದುದರಿಂದ ಅವಕ್ಕೆ ಬೆಂಕಿಯ ಭಯವಿತ್ತು, ನಿಜ. ಆದರೆ ಗೋಡೆ ಸುಡುತ್ತಿರಲಿಲ್ಲ. ಕಲ್ಲು, ಮಣ್ಣು, ಸುಣ್ಣ ಇವು ಮೂರೂ ಉರಿಯುವ ವಸ್ತುಗಳಲ್ಲ. ಆ ಮನೆಗಳಲ್ಲಿ ಗಾಳಿ ಬೆಳಕು ಕಡಿಮೆಯಿತ್ತು, ತೇಳು ಇಲಿಗಳ ಕಾಟವಿತ್ತು. ಅವೇ ಮನೆಗಳಿಗೆ ಮರಳೋಣವೆಂದು ನಾನು ಹೇಳುತ್ತಿಲ್ಲ. ಗೋಡೆಯೆಂಬುದು ಬೆಂಕಿಯನ್ನು ತಡೆಯುವ ವಸ್ತು ಎಂಬ ಆ ಹಳೆಯ ನಂಬಿಕೆಯನ್ನು ಇಟ್ಟುಕೊಂಡೇ ನಾವು ಗೋಡೆಯನ್ನು ಬದಲಾಯಿಸಿದ್ದೇವೆ ಎಂಬುದಷ್ಟೇ ನನ್ನ ಮಾತು.

ಈಗ ಗೋಡೆಯ ಮೇಲೆ ಏನೇನಿದೆ? ಪಿ.ವಿ.ಸಿ. ಲೇಪದ ವಾಲ್‌ಪೇಪರ್. ಹಿಂದೆ ಅಂಟು ಇರುವ, ಸುಲಿದು ಹಚ್ಚುವ ಸ್ಟಿಕರ್ ಹಾಳೆ. ಇಟ್ಟಿಗೆಯಂತೆ ಉಬ್ಬಿದ, ಕೈಯಿಂದ ಒತ್ತಿದರೆ ಮೆತ್ತಗಿರುವ ಫೋಮಿನ ಹಾಳೆ. ಅಂಗಡಿಗಳಲ್ಲಿ ಪಿ.ವಿ.ಸಿ. ಪಟ್ಟಿಗಳು, ಪ್ಲೈವುಡ್ಡು, ಥರ್ಮೋಕೋಲಿನ ಸುಳ್ಳು ಮಾಳಿಗೆ. ಹೊಟೇಲು, ಮಂಗಲ ಕಾರ್ಯಾಲಯ, ಯಾತ್ರಿಕರು ಇಳಿದುಕೊಳ್ಳುವ ಲಾಜಿಂಗು, ಕಿರಿದಾದ ಟ್ಯೂಶನ್ ಕೋಣೆ ಎಲ್ಲ ಕಡೆಯೂ ಇವೇ. ದೇವರ ಮನೆಯ ಗೂಡಿಗೂ ಮಿರಿಮಿರಿ ಮಿಂಚುವ ಹಾಳೆ ಹಚ್ಚಿ ಅದರ ಮುಂದೆ ನಂದಾದೀಪ ಇಡುವವರುಂಟು. ನೋಡಲು ಚೆಂದ. ಆದರೆ ಮೇಲೆ ಥಳಕು ಒಳಗೆ ಹುಳುಕು ಎಂಬ ಗಾದೆ ಇಂಥ ಗೋಡೆಗಳನ್ನು ಕಂಡೇ ಹುಟ್ಟಿತೋ ಎನಿಸುತ್ತದೆ.

ಇದಕ್ಕೆ ಕೆಲವರು ಒಂದು ಆಕ್ಷೇಪಣೆ ಎತ್ತುವರು. "ಬೆಂಕಿ ಹತ್ತುವುದು ವಿದ್ಯುತ್ತಿನ ತಂತಿಯಿಂದ, ಗ್ಯಾಸಿನಿಂದ, ದೀಪದಿಂದ. ಗೋಡೆಯ ಕಾಗದ ತಾನಾಗಿ ಹತ್ತಿಕೊಳ್ಳುವುದಿಲ್ಲ. ಅದನ್ನೇಕೆ ದೂರುತ್ತೀರಿ?" ಎಂದು. ಮಾತು ಅರ್ಧ ಸತ್ಯ. ಕಿಡಿ ಬೇರೆಲ್ಲಿಂದಲೋ ಬರುತ್ತದೆ. ಆದರೆ ಆ ಕಿಡಿ ಒಂದು ಮೂಲೆಯಲ್ಲಿಯೇ ಸಾಯುವುದೋ, ಇಡೀ ಕೋಣೆಯನ್ನು ನುಂಗುವುದೋ ಎಂಬುದನ್ನು ಬಹುಮಟ್ಟಿಗೆ ನಿರ್ಣಯಿಸುವುದು ಗೋಡೆ ಮತ್ತು ಮಾಳಿಗೆಗಳ ಹೊದಿಕೆಯೇ. ಬೆಂಕಿಯ ಸಮಯದಲ್ಲಿ ಮನುಷ್ಯನಿಗೆ ಬೇಕಾದುದು ಹಣವಲ್ಲ, ಬಲವಲ್ಲ, ಬೇಕಾದುದು ಸಮಯ. ಮಲಗಿದ ಮಗುವನ್ನು ಎತ್ತಿಕೊಳ್ಳಲು, ಮುದುಕರ ಕೈ ಹಿಡಿದು ಬಾಗಿಲಿಗೆ ಬರಲು ಬೇಕಾದ ಎರಡು ಮೂರು ನಿಮಿಷ. ಗೋಡೆ ಆ ಸಮಯವನ್ನು ಕೊಡಲೂಬಹುದು, ಕಸಿದುಕೊಳ್ಳಲೂಬಹುದು.

ಇದು ಊಹೆಯ ಮಾತಲ್ಲ. 2003ರ ಫೆಬ್ರುವರಿ 20ರಂದು ಅಮೆರಿಕದ ರೋಡ್ ಐಲೆಂಡ್ ಸಂಸ್ಥಾನದಲ್ಲಿ ಸ್ಟೇಶನ್ ಎಂಬ ಸಂಗೀತ ಗೃಹದಲ್ಲಿ ವೇದಿಕೆಯ ಮೇಲೆ ಹಾರಿಸಿದ ಬಾಣಬಿರುಸಿನ ಕಿಡಿ ಗೋಡೆಗೆ ತಗುಲಿತು. ಸದ್ದು ಹೊರಗೆ ಹೋಗಬಾರದೆಂದು ಆ ಗೋಡೆಗೆ ಪಾಲಿಯುರೆಥೇನ್ ಫೋಮ್ ಅಂಟಿಸಿದ್ದರು. ಎರಡು ನಿಮಿಷ ಕಳೆಯುವುದರೊಳಗೆ ಒಳಗೆ ನಿಂತವರು ಬದುಕುವಂತಿರಲಿಲ್ಲ. ಸತ್ತವರು 100 ಜನ. ಇದನ್ನು ಕಂಡೂ ಜಗತ್ತು ಪಾಠ ಕಲಿಯಲಿಲ್ಲ. ಹತ್ತು ವರ್ಷಗಳ ತರುವಾಯ, 2013ರ ಜನವರಿ 27ರಂದು, ಬ್ರೆಜಿಲ್ ದೇಶದ ಸಾಂತಾ ಮಾರಿಯಾ ಪಟ್ಟಣದ ಕಿಸ್ ಎಂಬ ನೃತ್ಯಗೃಹದಲ್ಲಿ ಅದೇ ಕಥೆ ಮರುಕಳಿಸಿತು. ಅದೇ ಬಾಣಬಿರುಸು, ಮಾಳಿಗೆಗೆ ಅಂಟಿಸಿದ ಅಂಥದೇ ಫೋಮ್. ಸತ್ತವರು 242. ಅವರಲ್ಲಿ ಬಹುತೇಕರು ಕಾಲೇಜಿನ ವಿದ್ಯಾರ್ಥಿಗಳು, ಹರೆಯದವರು. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್ ಎಂಬ 24 ಅಂತಸ್ತಿನ ಕಟ್ಟಡದಲ್ಲಿ ಒಂದು ಮನೆಯ ಅಡಿಗೆಕೋಣೆಯಲ್ಲಿ ಹತ್ತಿದ ಬೆಂಕಿ, ಕಟ್ಟಡವನ್ನು ಚೆಂದಗಾಣಿಸಲೆಂದೂ ಬೆಚ್ಚಗಿಡಲೆಂದೂ ಹೊರಗೋಡೆಗೆ ಹೊದಿಸಿದ್ದ ಫಲಕಗಳನ್ನು ಹಿಡಿದು ಮೇಲಕ್ಕೇರಿ 72 ಜನರನ್ನು ಬಲಿ ತೆಗೆದುಕೊಂಡಿತು. ಆ ಫಲಕಗಳ ನಡುವೆ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕು ಇತ್ತು.

ದೂರದ ಮಾತೇಕೆ? 1989ರ ಫೆಬ್ರುವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನನ ಕಥೆಯ ದೂರದರ್ಶನ ಧಾರಾವಾಹಿಯ ಚಿತ್ರೀಕರಣ ನಡೆದಾಗ ಬೆಂಕಿ ಬಿದ್ದು 62 ಜನ ತೀರಿಕೊಂಡರು. 1995ರ ಡಿಸೆಂಬರ್ 23ರಂದು ಹರಿಯಾಣದ ಡಬವಾಲಿಯಲ್ಲಿ ಒಂದು ಶಾಲೆಯ ಬಹುಮಾನ ವಿತರಣೆಯ ಸಮಾರಂಭ. ತಂದೆ ತಾಯಿಗಳು ಮಕ್ಕಳ ಆಟ ಕುಣಿತ ನೋಡಲು ಕೂಡಿದ್ದರು. ಕೃತಕ ನೂಲಿನ ಬಟ್ಟೆಯ ಶಾಮಿಯಾನಕ್ಕೆ ಬೆಂಕಿ ತಗುಲಿತು. ಉರಿಯುವ ಬಟ್ಟೆ ಕರಗಿ ಜನರ ಮೇಲೆ ಸುರಿಯಿತು. ಎಲ್ಲರೂ ಒಂದೇ ಬಾಗಿಲಿಗೆ ನುಗ್ಗಿದರು. 400ಕ್ಕಿಂತ ಹೆಚ್ಚು ಜನ ಸತ್ತರು. ಅವರಲ್ಲಿ ಮಕ್ಕಳೇ ಬಹಳ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯಲ್ಲಿ ಅಡಿಗೆಮನೆಯ ಬೆಂಕಿ ಗರಿಯ ಮಾಡಿಗೆ ಹತ್ತಿ 94 ಮಕ್ಕಳು ಸುಟ್ಟು ಹೋದರು. ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಇಂಥ ಸಂಗತಿ ಬರೆಯಬೇಕೇ ಎಂದು ಯಾರಿಗಾದರೂ ಅನಿಸಬಹುದು. ಶಾಲೆಯ ಸಂಚಿಕೆಯಲ್ಲಿ ಬರೆಯದೆ ಮತ್ತೆಲ್ಲಿ ಬರೆಯಬೇಕು?

ನಮ್ಮ ಸೋಲಾಪುರದ ಅಕ್ಕಲಕೋಟೆ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ 2025ರ ಮೇ 18ರ ಬೆಳಗಿನ ಜಾವ ಟವೆಲ್ ಕಾರ್ಖಾನೆಯೊಂದಕ್ಕೆ ಬೆಂಕಿ ಹತ್ತಿ 8 ಜನ ತೀರಿಕೊಂಡುದನ್ನು ಈ ಸಂಚಿಕೆಯ ಓದುಗರಿಗೆ ಬೇರೆ ಹೇಳಬೇಕಿಲ್ಲ. ಅಲ್ಲಿ ಉರಿದುದು ಗೋಡೆಯ ಕಾಗದವಲ್ಲ ಎಂಬುದು ನಿಜ. ಆದರೆ ಸತ್ತವರು ಅಲ್ಲಿಯೇ ವಾಸವಾಗಿದ್ದವರು. ಚಾದರ, ಟವೆಲುಗಳ ಊರು ನಮ್ಮದು. ಮಗ್ಗವಿದ್ದಲ್ಲಿಯೇ ಮನೆ, ಮನೆಯಿದ್ದಲ್ಲಿಯೇ ನೂಲಿನ ರಾಶಿ. ಇಂಥ ಊರಿನಲ್ಲಿ ಗೋಡೆಗೂ ಉರಿಯುವ ಹೊದಿಕೆ ಹೊದಿಸುವುದು ಎಣ್ಣೆಯ ಪಕ್ಕದಲ್ಲಿ ಬತ್ತಿ ಇಟ್ಟಂತೆ.

ಇನ್ನು ಬೆಂಕಿಯ ಸ್ವಭಾವವನ್ನು ಸ್ವಲ್ಪ ತಿಳಿಯೋಣ. ಬಿಸಿಗಾಳಿ ಮೇಲಕ್ಕೇರುವುದೆಂದು ವಿಜ್ಞಾನದ ತರಗತಿಯಲ್ಲಿ ಕಲಿತಿದ್ದೀರಿ. ನೆಲದ ಮೇಲಿನ ಹಾಸಿಗೆ ಹತ್ತಿದರೆ ಬೆಂಕಿ ನಿಧಾನವಾಗಿ ಅಡ್ಡ ಹರಡುತ್ತದೆ. ಗೋಡೆ ಹತ್ತಿದರೆ ಉರಿಯು ತನ್ನ ಮೇಲಿನ ಭಾಗವನ್ನು ತಾನೇ ಕಾಯಿಸುತ್ತ ಸರಸರನೆ ಏರುತ್ತದೆ. ಮಾಳಿಗೆ ಮುಟ್ಟಿತೆಂದರೆ ಅಲ್ಲಿ ಕೂಡಿದ ಬಿಸಿ ಹೊಗೆ ಕೆಳಗಿನ ವಸ್ತುಗಳನ್ನೆಲ್ಲ ಕಾಯಿಸಿ, ಒಂದು ಗಳಿಗೆಯಲ್ಲಿ ಇಡೀ ಕೋಣೆ ಒಮ್ಮೆಲೇ ಧಗ್ಗನೆ ಹತ್ತುತ್ತದೆ. ಆದುದರಿಂದ ನೆಲದ ಹೊದಿಕೆಗಿಂತ ಗೋಡೆಯದು, ಗೋಡೆಗಿಂತ ಮಾಳಿಗೆಯದು ಹೆಚ್ಚು ಅಪಾಯಕಾರಿ.

ಎರಡನೆಯದು ಹೊಗೆ. ಬೆಂಕಿಯ ಅಪಘಾತಗಳಲ್ಲಿ ಸಾಯುವವರಲ್ಲಿ ಅನೇಕರನ್ನು ಕೊಲ್ಲುವುದು ಉರಿಗಿಂತ ಮೊದಲು ಹೊಗೆಯೇ. ಇಂಗಾಲದ ಮೊನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಕ್ಕಿ ಬಲವಾಗಿ ಅಂಟಿಕೊಳ್ಳುತ್ತದೆ. ಪಿ.ವಿ.ಸಿ. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಎಂಬ, ಕಣ್ಣು ಗಂಟಲುಗಳನ್ನು ಸುಡುವ ಆಮ್ಲ ಅನಿಲ ಹೊರಡುತ್ತದೆ. ಪಾಲಿಯುರೆಥೇನ್ ಫೋಮ್ ಸುಟ್ಟರೆ ಹೈಡ್ರೋಜನ್ ಸಯನೈಡ್ ಎಂಬ ಘೋರ ವಿಷ. ಕಿಸ್ ನೃತ್ಯಗೃಹದಲ್ಲಿ ಆ ಎಳೆಯ ಜೀವಗಳನ್ನು ತೆಗೆದುದು ಈ ವಿಷದ ಹೊಗೆಯೇ.

ಹಾಗಾದರೆ ವಾಲ್‌ಪೇಪರನ್ನೇ ಹಚ್ಚಬಾರದೆ? ಹಾಗೆ ನಾನು ಹೇಳಲಾರೆ. ತೆಳುವಾದ ಕಾಗದವನ್ನು ಗಿಲಾಯಿ ಮಾಡಿದ ಇಟ್ಟಿಗೆಯ ಗೋಡೆಗೆ ಸಂದಿಲ್ಲದಂತೆ ಅಂಟಿಸಿದರೆ ಅದು ಸುಲಭವಾಗಿ ಉರಿಯದು. ಬೆಂಕಿಯ ಶಾಖವನ್ನು ಹಿಂದಿನ ಗೋಡೆ ಹೀರಿಕೊಳ್ಳುತ್ತದೆ. ಅದೇ ಕಾಗದವನ್ನು ಪ್ಲೈವುಡ್ಡಿನ ಮೇಲೋ ಫೋಮಿನ ಮೇಲೋ ಹಚ್ಚಿದರೆ ಚುರುಕಾಗಿ ಉರಿಯುತ್ತದೆ. ಅಂಚು ಬಿಟ್ಟು ಜೋತುಬಿದ್ದ ಕಾಗದ ಎರಡೂ ಕಡೆಯಿಂದ ಗಾಳಿ ದೊರೆತು ಇನ್ನೂ ಬೇಗ ಹತ್ತುತ್ತದೆ. ಹಳೆಯ ಕಾಗದವನ್ನು ಕೀಳದೆ ಅದರ ಮೇಲೆಯೇ ಹೊಸದನ್ನು, ಅದರ ಮೇಲೆ ಮತ್ತೊಂದನ್ನು ಹಚ್ಚುತ್ತ ಹೋದರೆ ಗೋಡೆಯ ಮೇಲೆ ಸೌದೆ ಒಟ್ಟಿದಂತಾಗುತ್ತದೆ. ಆದುದರಿಂದ ಕಾಗದ ಯಾವುದೆಂಬುದರಷ್ಟೇ, ಅದರ ಹಿಂದೆ ಏನಿದೆ, ಯಾವ ಅಂಟಿನಿಂದ ಹಚ್ಚಿದ್ದಾರೆ ಎಂಬುದೂ ಮುಖ್ಯ. ನೀರಿನಲ್ಲಿ ಕಲಸುವ ಅಂಟು ಒಳ್ಳೆಯದು. ಘಾಟು ವಾಸನೆಯ ರಬ್ಬರಿನ ಅಂಟುಗಳ ಆವಿ ಬೇಗ ಬೆಂಕಿ ಹಿಡಿಯುವಂಥದು. ಮುಚ್ಚಿದ ಕೋಣೆಯಲ್ಲಿ ಅದನ್ನು ಬಳಸುವಾಗ ಒಂದು ಬೀಡಿಯ ಕಿಡಿಯೂ ಸಾಕು.

ನೈಸರ್ಗಿಕವಾದುದೆಲ್ಲ ಸುರಕ್ಷಿತವೆಂಬ ಭ್ರಮೆಯೂ ಬೇಡ. ಸೆಣಬು, ಹುಲ್ಲು, ಬಿದಿರು, ಬೂಚಿನ ಹೊದಿಕೆಗಳು ಈಗ ದೊಡ್ಡ ಹೊಟೇಲುಗಳಲ್ಲಿ ಬಂದಿವೆ. ಸಂಸ್ಕರಿಸದಿದ್ದರೆ ಅವೂ ಚೆನ್ನಾಗಿಯೇ ಉರಿಯುತ್ತವೆ. ಗಾಜಿನ ನಾರಿನಿಂದ ನೆಯ್ದ ಗೋಡೆ ಹೊದಿಕೆಯೂ ಉಂಟು. ಗಾಜು ಉರಿಯದು, ಆದರೆ ಅದರ ಮೇಲೆ ಬಳಿಯುವ ಬಣ್ಣವನ್ನೂ ನೋಡಿ ಆರಿಸಬೇಕು.

ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ಯಾವುವು? ಸುರುಳಿಯ ಮೇಲೆ "ಫೈರ್‌ಪ್ರೂಫ್" ಎಂದು ಚಿನ್ನದ ಅಕ್ಷರದಲ್ಲಿ ಅಚ್ಚು ಹಾಕಿದ ಮಾತ್ರಕ್ಕೆ ನಂಬಬಾರದು. ಯಾವ ಪರೀಕ್ಷೆ, ಯಾವ ದರ್ಜೆ ಎಂದು ಕೇಳಬೇಕು. ನಮ್ಮ ದೇಶದಲ್ಲಿ ಹೊದಿಕೆಯ ಮೇಲೆ ಉರಿ ಹರಡುವ ವೇಗವನ್ನು ನೋಡಿ 1ರಿಂದ 4ರ ವರೆಗೆ ದರ್ಜೆ ಕೊಡುವ ಭಾರತೀಯ ಮಾನಕವಿದೆ. ಅದರ ಸಂಖ್ಯೆ ಐ.ಎಸ್. 12777. ಒಂದನೆಯ ದರ್ಜೆಯಲ್ಲಿ ಉರಿ ಅತ್ಯಂತ ಕಡಿಮೆ ಹರಡುತ್ತದೆ. ನಾಲ್ಕನೆಯದರಲ್ಲಿ ಬೇಗ ಹರಡುತ್ತದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೆಯ ಭಾಗ ಅಗ್ನಿ ಮತ್ತು ಜೀವ ಸುರಕ್ಷೆಗೇ ಮೀಸಲಾಗಿದೆ. ಹೊರಗಿನಿಂದ ಬಂದ ಮಾಲಿನ ಮೇಲೆ ಬೇರೆ ಗುರುತುಗಳಿರುತ್ತವೆ. ಅಮೆರಿಕದ ಎ.ಎಸ್.ಟಿ.ಎಂ. ಇ 84 ಎಂಬ ಪರೀಕ್ಷೆಯಲ್ಲಿ ಉರಿ ಹರಡುವ ಅಂಕ 25ರ ಒಳಗಿದ್ದರೆ ಎ ದರ್ಜೆ, 75ರ ಒಳಗಿದ್ದರೆ ಬಿ, 200ರ ಒಳಗಿದ್ದರೆ ಸಿ. ಯುರೋಪಿನದರಲ್ಲಿ ಎ1, ಎ2, ಬಿ ಎಂದು ಮೊದಲಾಗಿ ಎಫ್ ವರೆಗೆ ಇಳಿಯುತ್ತದೆ. ಜೊತೆಗೆ ಎಸ್ ಎಂಬ ಅಕ್ಷರ ಹೊಗೆಯನ್ನೂ ಡಿ ಎಂಬುದು ಉರಿಯುತ್ತ ತೊಟ್ಟಿಕ್ಕುವ ಹನಿಗಳನ್ನೂ ಸೂಚಿಸುತ್ತವೆ. ಎಸ್1, ಡಿ0 ಇದ್ದರೆ ಉತ್ತಮ. ಡಬವಾಲಿಯನ್ನು ನೆನೆದರೆ ಹನಿಗಳ ಲೆಕ್ಕವೇಕೆ ಬೇಕೆಂಬುದು ತಿಳಿಯುತ್ತದೆ.

ಇಲ್ಲಿ ನಮ್ಮ ಮಕ್ಕಳಿಗೆ ಒಂದು ಕೆಲಸವಿದೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಸುರುಳಿಯ ಮೇಲೆ ಇಂಗ್ಲಿಷ್ ಇರುವ ಊರು ನಮ್ಮದು. ಗಡಿನಾಡಿನಲ್ಲಿ ಹುಟ್ಟಿ ಮೂರು ಭಾಷೆ ಕಲಿಯುವುದು ಭಾರವೆಂದು ಕೆಲವರು ಗೊಣಗುತ್ತಾರೆ. ಆ ಮೂರು ಭಾಷೆಗಳನ್ನೂ ಮನೆಯ ಕ್ಷೇಮಕ್ಕೆ ಬಳಸಿ. ಅಪ್ಪನೊಡನೆ ಅಂಗಡಿಗೆ ಹೋದಾಗ ಸುರುಳಿಯ ಚೀಟಿಯನ್ನು ನೀವು ಓದಿ, ಅರ್ಥವನ್ನು ಕನ್ನಡದಲ್ಲಿ ಅವರಿಗೆ ತಿಳಿಸಿ, ಅಂಗಡಿಕಾರನಿಗೆ ಮರಾಠಿಯಲ್ಲಿ ಪ್ರಶ್ನೆ ಕೇಳಿ. ಆದರೆ ತುಣುಕು ತಂದು ಕಡ್ಡಿ ಗೀರಿ ಪರೀಕ್ಷೆ ಮಾಡುವ ಸಾಹಸ ಬೇಡ. ಪ್ರಯೋಗಶಾಲೆಯಲ್ಲಿ ಪ್ರಖರವಾದ ಶಾಖದ ಎದುರು ನಡೆಯುವ ಪರೀಕ್ಷೆಗೂ ಬೆಂಕಿಕಡ್ಡಿಯ ಆಟಕ್ಕೂ ಸಂಬಂಧವಿಲ್ಲ. ಕಡ್ಡಿಗೆ ಉರಿಯದ ಹಾಳೆ ನಿಜವಾದ ಬೆಂಕಿಯಲ್ಲಿ ಉರಿದೀತು.

ಒಳ್ಳೆಯ ದರ್ಜೆಯ ಹಾಳೆ ತಂದರೂ ಕೆಲವು ಕಡೆ ಅದನ್ನು ಹಚ್ಚದಿರುವುದೇ ಲೇಸು. ಒಲೆಯ ಹಿಂದಿನ ಗೋಡೆ, ದೇವರ ದೀಪದ ಗೂಡು, ವಿದ್ಯುತ್ ಮೀಟರು ಮತ್ತು ಸ್ವಿಚ್ಚುಗಳ ಸುತ್ತಲಿನ ಜಾಗ, ಮಾಳಿಗೆಯ ಒಳಮೈ ಇವು ಬರಿದಾಗಿರಲಿ. ಎಲ್ಲಕ್ಕಿಂತ ಮಿಗಿಲಾಗಿ ಹೊರಗೆ ಹೋಗುವ ದಾರಿ. ಮೆಟ್ಟಿಲು, ಓಣಿ, ಬಾಗಿಲ ಪಕ್ಕದ ಗೋಡೆಗಳಿಗೆ ಸುಣ್ಣವೋ ಸಾದಾ ಬಣ್ಣವೋ ಸಾಕು. ಕಟ್ಟಡ ಸಂಹಿತೆಯೂ ಮೆಟ್ಟಿಲು, ಓಣಿಗಳ ವಿಷಯದಲ್ಲಿಯೇ ಹೆಚ್ಚು ಬಿಗಿಯಾಗಿದೆ. ಒಂದೇ ಕೋಣೆ, ಒಂದೇ ಬಾಗಿಲಿನ ಮನೆಯಾದರೆ ಆ ಬಾಗಿಲ ಗೋಡೆಯನ್ನು ಮುಟ್ಟಲೇಬಾರದು.

"ಇದೆಲ್ಲ ಶ್ರೀಮಂತರ ಮಾತು, ಬಡವರಿಗೇಕೆ?" ಎನ್ನುವವರಿಗೂ ಉತ್ತರ ಹೇಳಬೇಕು. ಶ್ರೀಮಂತನ ಮನೆಗೆ ನಾಲ್ಕು ಬಾಗಿಲು, ಹತ್ತು ಕಿಟಕಿ. ಅಗ್ಗದ ಫೋಮಿನ ಹಾಳೆ ಹೆಚ್ಚಾಗಿ ಸೇರುವುದು ಬಾಡಿಗೆಯ ಚಿಕ್ಕ ಕೋಣೆಗೆ. ಗೋಡೆ ತೇವ ಹಿಡಿದು ಗಿಲಾಯಿ ಉದುರುತ್ತಿರುತ್ತದೆ. ಮನೆಯ ಮಾಲೀಕ ದುರಸ್ತಿ ಮಾಡಿಸುವುದಿಲ್ಲ. ನೆಂಟರು ಬರುವರೆಂದು ಬಾಡಿಗೆಯವರು ಆ ಕಲೆಯ ಮೇಲೆ ಹಾಳೆ ಹಚ್ಚುತ್ತಾರೆ. ಅವರನ್ನು ನಾನು ದೂರುವುದಿಲ್ಲ. ಮನೆ ಚೆಂದವಿರಬೇಕೆಂಬ ಆಸೆ ಎಲ್ಲರಿಗೂ ಸಹಜ. ಆದರೆ ಹುಣ್ಣಿನ ಮೇಲೆ ಜರತಾರಿ ಹೊದಿಸಿದರೆ ಹುಣ್ಣು ಮಾಯುವುದಿಲ್ಲ. ಒಳಗೆ ತೇವವೂ ಬೆಳೆಯುತ್ತದೆ, ಹೊರಗೆ ಬೆಂಕಿಯ ಭಯವೂ ಸೇರುತ್ತದೆ. ತೇವದ ಮೂಲವನ್ನು ನಿಲ್ಲಿಸಿ ಸುಣ್ಣ ಬಳಿಯುವುದು ಹಾಳೆಗಿಂತ ಅಗ್ಗ, ಆರೋಗ್ಯಕ್ಕೂ ಹಿತ. ಮನೆ ಬಾಡಿಗೆಗೆ ಕೊಟ್ಟ ಪಾಲಕರು ಯಾರಾದರೂ ಇದನ್ನು ಓದುತ್ತಿದ್ದರೆ, ಗೋಡೆಯ ದುರಸ್ತಿ ನಿಮ್ಮ ಕರ್ತವ್ಯವೆಂದು ವಿನಯಪೂರ್ವಕವಾಗಿ ಹೇಳುತ್ತೇನೆ.

ಅಂಗಡಿ, ಹೊಟೇಲು, ಲಾಜಿಂಗು ನಡೆಸುವ ಬಂಧುಗಳ ಹೊಣೆ ಇನ್ನೂ ದೊಡ್ಡದು. ಮನೆಯವರಿಗೆ ಮನೆಯ ಬಾಗಿಲು ಕತ್ತಲೆಯಲ್ಲಿಯೂ ಗೊತ್ತು. ಅಕ್ಕಲಕೋಟೆಗೆ ಸ್ವಾಮಿ ಸಮರ್ಥರ ದರ್ಶನಕ್ಕೆಂದು ದೂರದಿಂದ ಬಂದು ಒಂದು ರಾತ್ರಿ ತಂಗುವ ಯಾತ್ರಿಕನಿಗೆ ಹೊಗೆಯಲ್ಲಿ ಯಾವ ಕಡೆ ಮೆಟ್ಟಿಲಿದೆಯೆಂದು ಹೇಗೆ ಗೊತ್ತಾಗಬೇಕು? ಅವನ ಜೀವ ಮಾಲೀಕರ ಕೈಯಲ್ಲಿದೆ. ಮಹಾರಾಷ್ಟ್ರದ 2006ರ ಅಗ್ನಿ ನಿರೋಧ ಮತ್ತು ಜೀವರಕ್ಷಣೆಯ ಕಾಯಿದೆಯು ಕಟ್ಟಡದ ಮಾಲೀಕ ಮತ್ತು ಬಳಕೆದಾರರ ಮೇಲೆಯೇ ಈ ಹೊಣೆಯನ್ನು ಹೊರಿಸಿದೆ. ಅಗ್ನಿಶಾಮಕ ಸಾಧನಗಳು ಸುಸ್ಥಿತಿಯಲ್ಲಿವೆ ಎಂದು ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈ ತಿಂಗಳಲ್ಲಿ, ಪ್ರಮಾಣಪತ್ರ ಕೊಡಬೇಕು. ಪ್ರಮಾಣಪತ್ರ ಕಪಾಟಿನಲ್ಲಿದ್ದು ಗೋಡೆಯ ತುಂಬ ಫೋಮ್ ಇದ್ದರೆ ಪ್ರಯೋಜನವೇನು?

ಕೊನೆಯದಾಗಿ ನಮ್ಮ ಶಾಲೆಯ ಮಾತು. ಸ್ನೇಹ ಸಮ್ಮೇಳನ ಬಂತೆಂದರೆ ವೇದಿಕೆಯ ಹಿಂಗೋಡೆಗೆ ಬಣ್ಣದ ಕಾಗದ, ಕೃತಕ ಬಟ್ಟೆಯ ಪರದೆ, ಅದರ ಬುಡದಲ್ಲಿಯೇ ಸಮಯಿ ಬೆಳಗಿಸುವುದು ಎಲ್ಲ ಶಾಲೆಗಳ ವಾಡಿಕೆ. ಅಲಂಕಾರದ ಥರ್ಮೋಕೋಲನ್ನು ಮಹಾರಾಷ್ಟ್ರ ಸರಕಾರ 2018ರಲ್ಲಿಯೇ ನಿಷೇಧಿಸಿತು. ಪರಿಸರಕ್ಕಾಗಿ ಮಾಡಿದ ಆ ನಿಷೇಧ ಪ್ರಾಣಕ್ಕೂ ಹಿತವಾದುದೇ. ನನ್ನ ಸೂಚನೆಗಳು ಇಷ್ಟೇ. ವೇದಿಕೆಯ ಹಿಂಗೋಡೆಗೆ ಕಾಗದ ಹಚ್ಚುವ ಬದಲು ಚಿತ್ರಕಲೆಯ ಮಕ್ಕಳು ಗೋಡೆಯ ಮೇಲೆಯೇ ಬಣ್ಣದಿಂದ ಚಿತ್ರ ಬರೆಯಲಿ. ದೀಪ ಬೆಳಗಿಸುವ ಜಾಗ ಪರದೆಯಿಂದ ದೂರವಿರಲಿ. ಮಂಟಪಕ್ಕೆ ಎರಡು ಕಡೆ ಬಾಗಿಲಿರಲಿ. ಕಾರ್ಯಕ್ರಮ ಮುಗಿಯುವವರೆಗೆ ಎರಡೂ ತೆರೆದಿರಲಿ. ಮರಳಿನ ಬಕೆಟ್ಟುಗಳನ್ನೂ ಬೆಂಕಿ ಆರಿಸುವ ಸಿಲಿಂಡರನ್ನೂ ವೇದಿಕೆಯ ಪಕ್ಕದಲ್ಲಿಟ್ಟು ಅವುಗಳನ್ನು ಬಳಸಬಲ್ಲವರನ್ನು ಅಲ್ಲಿ ನಿಲ್ಲಿಸಬೇಕು. ತರಗತಿಯ ಗೋಡೆಗಳಲ್ಲಿ ನಕ್ಷೆ, ತಕ್ತೆ, ಹಸ್ತಪತ್ರಿಕೆಗಳು ಇರಬೇಕು, ಆದರೆ ಗೋಡೆ ಮುಚ್ಚಿಹೋಗುವಷ್ಟಲ್ಲ. ಅಮೆರಿಕದ ಅಗ್ನಿಸುರಕ್ಷಾ ಸಂಹಿತೆಯಲ್ಲಿ, ತಾನಾಗಿ ನೀರು ಚಿಮುಕಿಸುವ ವ್ಯವಸ್ಥೆಯಿಲ್ಲದ ಶಾಲೆಗಳಲ್ಲಿ ಗೋಡೆಯ ನೂರಕ್ಕೆ 20 ಭಾಗ ಮಾತ್ರ ಇಂಥ ಕಾಗದಗಳಿಗೆ ಮೀಸಲು. ಆ ಲೆಕ್ಕವನ್ನು ನಾವೂ ಪಾಲಿಸಬಹುದು; ಅದಕ್ಕೆ ಹಣ ಬೇಕಿಲ್ಲ.

ವಿದ್ಯಾರ್ಥಿ ಮಿತ್ರರೇ, ಬೆಂಕಿ ಬಿದ್ದಾಗ ಬಾವಿ ತೋಡುವ ಜಾಣರು ನಾವಾಗಬಾರದು. ಈ ಸಂಚಿಕೆಯನ್ನು ಮನೆಗೆ ಒಯ್ದ ದಿನವೇ ಮೂರು ಕಡೆ ನೋಡಿ: ಒಲೆಯ ಹಿಂದೆ, ದೇವರ ದೀಪದ ಮೇಲೆ, ಬಾಗಿಲ ಪಕ್ಕದಲ್ಲಿ. ಅಲ್ಲಿ ಉರಿಯುವ ಹಾಳೆಯಿದ್ದರೆ ಅಪ್ಪ ಅವ್ವನಿಗೆ ತೋರಿಸಿ, ಅವರೊಡನೆ ಕೂಡಿ ತೆಗೆಯಿರಿ. ಅಗ್ನಿಶಾಮಕ ದಳದ 101 ಮತ್ತು ತುರ್ತು ಸಹಾಯದ 112 ಎಂಬ ಸಂಖ್ಯೆಗಳನ್ನು ತಮ್ಮ ತಂಗಿಯರಿಗೂ ಕಲಿಸಿ. ಹೊಗೆ ತುಂಬಿದಾಗ ಬಗ್ಗಿ, ನೆಲಕ್ಕೆ ಹತ್ತಿರವಾಗಿ ಹೊರಗೆ ನಡೆಯಬೇಕು, ಹೊರಬಂದ ಮೇಲೆ ಯಾವ ಸಾಮಾನಿಗೂ ಮರಳಿ ಒಳಗೆ ಹೋಗಬಾರದು ಎಂಬುದನ್ನೂ ಹೇಳಿ. ಗೋಡೆಯ ಬಣ್ಣ ಮಾಸಿದರೆ ಮುಂದಿನ ದೀಪಾವಳಿಗೆ ಮತ್ತೆ ಬಳಿಯಬಹುದು. ಮನೆಯಲ್ಲಿರುವ ಜೀವಗಳಿಗೆ ಎರಡನೆಯ ಬಳಿತವಿಲ್ಲ.